ಭಿನ್ನಮತಕ್ಕೂ ಪುರಾವೆ ಬೇಕು

‘ಬಾಯಾರಿಕೆಯಾಗುವವರೆಗೆ ಕಾಯಬೇಡಿ, ಅದಕ್ಕೆ ಮುಂಚೆಯೇ ನೀರು ಕುಡಿಯಿರಿ’ ಎಂಬ ಉಪದೇಶವನ್ನು ಕೇಳದ ಓಟಗಾರರು ವಿರಳ. ನಮ್ಮ ಉದ್ಯಾನಗಳಲ್ಲಿ ನಸುಕಿಗೇ ಓಡುವವರಿಂದ ಹಿಡಿದು ಮ್ಯಾರಥಾನ್‌ಗೆ ಸಿದ್ಧರಾಗುವವರವರೆಗೆ ಎಲ್ಲರೂ ಇದನ್ನು ವಿಜ್ಞಾನವೆಂದೇ ನಂಬಿದ್ದಾರೆ. ಈ ನಂಬಿಕೆಯನ್ನು ಅಲುಗಾಡಿಸಲು ಒಬ್ಬ ಸಂಶೋಧಕರು ಎರಡು ದಶಕಗಳನ್ನು ವ್ಯಯಿಸಬೇಕಾಯಿತು. ಅವರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಟಿಮ್ ನೋಕ್ಸ್. ಅವರ ವೃತ್ತಿಜೀವನ ಕ್ರೀಡಾಪಟುಗಳಿಗಷ್ಟೇ ಸಂಬಂಧಿಸಿದ್ದಲ್ಲ. ತಜ್ಞರ ಮಾತನ್ನು ಎಷ್ಟು ನಂಬಬೇಕು, ತಜ್ಞರನ್ನು ಎದುರಿಸುವವರ ಮಾತನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

1949ರಲ್ಲಿ ಜನಿಸಿದ ನೋಕ್ಸ್ ವೈದ್ಯರು, ಸ್ವತಃ ದೂರದ ಓಟಗಾರರು. ಡರ್ಬನ್ ಮತ್ತು ಪೀಟರ್‌ಮಾರಿಟ್ಜ್‌ಬರ್ಗ್ ನಗರಗಳ ನಡುವೆ ನಡೆಯುವ, ಸುಮಾರು 90 ಕಿಲೋಮೀಟರ್ ಉದ್ದದ ಕಾಮ್ರೇಡ್ಸ್ ಓಟವೇ ಅವರ ಪ್ರಯೋಗಶಾಲೆಯಾಯಿತು. ಓಟದ ಕೊನೆಯಲ್ಲಿ ಪ್ರಜ್ಞೆ ತಪ್ಪಿ ಬೀಳುವವರೆಲ್ಲ ನೀರಿನ ಕೊರತೆಯಿಂದಲೇ ಬೀಳುತ್ತಾರೆ ಎಂಬುದು ಆಗಿನ ಸಾಮಾನ್ಯ ಗ್ರಹಿಕೆ. ನೋಕ್ಸ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ತದ್ವಿರುದ್ಧವಾದುದನ್ನು ಹೇಳಿತು. ಏಳು ಗಂಟೆಗೂ ಮಿಕ್ಕಿದ ಸ್ಪರ್ಧೆಗಳಲ್ಲಿ ಅಸ್ವಸ್ಥರಾದ ನಾಲ್ವರು ಕ್ರೀಡಾಪಟುಗಳ ತೊಂದರೆಗೆ ಅತಿಯಾಗಿ ಕುಡಿದ ನೀರೇ ಕಾರಣವಿರಬೇಕು ಎಂಬುದು ಅದರ ವಾದ. ಕುಡಿದ ನೀರು ದೇಹದಿಂದ ಹೊರಹೋಗದೆ ಉಳಿದಾಗ ರಕ್ತದ ಸೋಡಿಯಂ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ, ಮಿತಿ ಮೀರಿದರೆ ಸಾವೂ ಸಂಭವಿಸಬಹುದು. 1988ರ ಕಾಮ್ರೇಡ್ಸ್ ಓಟದಲ್ಲಿ ಹೀಗೆ ಅಸ್ವಸ್ಥರಾದ ಎಂಟು ಮಂದಿಯ ಮೇಲೆ ಅವರ ತಂಡ ನಡೆಸಿ, 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದವನ್ನು ಗಟ್ಟಿಗೊಳಿಸಿತು.

ಇಷ್ಟಾದ ಮೇಲೂ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1996ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬೆವರಿನಲ್ಲಿ ಕಳೆದುಕೊಂಡಷ್ಟೂ ನೀರನ್ನು ಅಥವಾ ಹೊಟ್ಟೆ ತಾಳಿಕೊಳ್ಳುವಷ್ಟು ನೀರನ್ನು ಕುಡಿಯಬೇಕೆಂದು ವಿಧಿಸಿತು. ಈ ಸಂಸ್ಥೆಗೆ ಕ್ರೀಡಾ ಪಾನೀಯ ಉದ್ಯಮದಿಂದ ಹಣಕಾಸಿನ ನೆರವು ಬರುತ್ತಿತ್ತು ಎಂಬುದು ಗುಟ್ಟಿನ ಸಂಗತಿಯಲ್ಲ. ಹಣ ಪಡೆದ ಮಾತ್ರಕ್ಕೆ ವಿಜ್ಞಾನಿ ಸುಳ್ಳು ಹೇಳುತ್ತಾನೆ ಎನ್ನಲಾಗದು. ಆದರೆ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದರ ಮೇಲೆ ಹಣ ಪ್ರಭಾವ ಬೀರುತ್ತದೆ. ಜನ ಸಾಕಷ್ಟು ಕುಡಿಯುತ್ತಿಲ್ಲ ಎಂದು ತೋರಿಸುವ ಸಂಶೋಧನೆಗೆ ಪೋಷಕರು ಸಿಗುತ್ತಾರೆ. ಜನ ಹೆಚ್ಚು ಕುಡಿಯುತ್ತಿದ್ದಾರೆ ಎನ್ನುವ ಸಂಶೋಧನೆಯಿಂದ ಯಾವ ಬಾಟಲಿಯೂ ಮಾರಾಟವಾಗದು.

2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದೇ ಕಾರಣದಿಂದ ಅಸುನೀಗಿದರು. ಅದೇ ಓಟದ 488 ಮಂದಿಯ ರಕ್ತವನ್ನು ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಸಾಮಾನ್ಯಕ್ಕಿಂತ ಕೆಳಗಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ ಈ ಅಪಾಯ ಅಧಿಕವಾಗಿತ್ತು. ಓಡುವಾಗ ತೂಕ ಏರಬೇಕಾದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿರಲೇಬೇಕು. 2007ರಲ್ಲಿ ಅಮೆರಿಕದ ಸಂಸ್ಥೆಯೂ ತನ್ನ ಮಾರ್ಗಸೂಚಿಯನ್ನು ಬದಲಿಸಿ, ಅತಿಯಾಗಿ ಕುಡಿಯುವುದರ ಅಪಾಯವನ್ನು ಎತ್ತಿ ಹೇಳಿತು. ನೋಕ್ಸ್ ಗೆದ್ದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಏಕಾಂಗಿ ವೀರನ ವಿಜಯಗಾಥೆ ಆಗುತ್ತಿತ್ತು. ಆದರೆ ಟೈಪ್ 2 ಮಧುಮೇಹಕ್ಕೆ ತುತ್ತಾದ ನೋಕ್ಸ್, ಓಟಗಾರರು ಯಥೇಚ್ಛವಾಗಿ ಕಾರ್ಬೊಹೈಡ್ರೇಟ್ ತಿನ್ನಬೇಕೆಂಬ ತಮ್ಮ ಹಳೆಯ ನಿಲುವನ್ನೇ ತೊರೆದರು. ಪ್ರಸಿದ್ಧವಾದ ತಮ್ಮ ‘ಲೋರ್ ಆಫ್ ರನ್ನಿಂಗ್’ ಗ್ರಂಥದಿಂದ ಆ ಭಾಗವನ್ನು ಹರಿದು ಹಾಕಿರೆಂದು ಓದುಗರಿಗೆ ಹೇಳಿದರು. ಅಷ್ಟರಮಟ್ಟಿಗೆ ಅದು ಮೆಚ್ಚತಕ್ಕ ಪ್ರಾಮಾಣಿಕತೆ. ಅನಂತರ ಅವರು ಕಡಿಮೆ ಕಾರ್ಬೊಹೈಡ್ರೇಟ್, ಹೆಚ್ಚು ಕೊಬ್ಬಿನ ಆಹಾರದ ಪ್ರಬಲ ಪ್ರಚಾರಕರಾದರು. 2014ರಲ್ಲಿ ಅವರದೇ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದು ಅವರಿಂದ ಅಂತರ ಕಾಯ್ದುಕೊಂಡರು. ಶಿಶುವಿನ ಆಹಾರದ ಬಗ್ಗೆ ಅದೇ ವರ್ಷ ಅವರು ಮಾಡಿದ ಒಂದು ಟ್ವೀಟ್, ವೈದ್ಯಕೀಯ ವೃತ್ತಿ ಮಂಡಳಿಯ ವಿಚಾರಣೆಗೆ ದಾರಿಯಾಯಿತು. 2017ರಲ್ಲಿ ಅವರು ದೋಷಮುಕ್ತರಾದರು. 2018ರಲ್ಲಿ ಮೇಲ್ಮನವಿಯೂ ವಜಾ ಆಯಿತು.

ಆ ತೀರ್ಪು ಬಂದದ್ದು ವೈದ್ಯರೊಬ್ಬರ ವೃತ್ತಿ ನಡವಳಿಕೆಯ ಬಗ್ಗೆ. ಅದನ್ನು ಒಂದು ಆಹಾರಕ್ರಮಕ್ಕೆ ದೊರೆತ ಪ್ರಮಾಣಪತ್ರವೆಂದು ಓದುವುದು ತಪ್ಪು. ಮಧುಮೇಹಿಗಳು ಕಾರ್ಬೊಹೈಡ್ರೇಟ್ ತಗ್ಗಿಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ ಎಂಬುದಕ್ಕೆ ಆಧಾರಗಳಿವೆ. ಆದರೆ ಎಲ್ಲರೂ ಹಾಗೆಯೇ ಉಣ್ಣಬೇಕೆಂಬ ವಾದಕ್ಕೆ ಅಂಥ ಬಲವಿಲ್ಲ. ದಕ್ಷಿಣ ಆಫ್ರಿಕಾದ ಸಂಶೋಧಕರು 19 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ನೀಡಿದ ವರದಿಯ ಪ್ರಕಾರ, ಸಮಾನ ಕ್ಯಾಲೊರಿಯ ಸಮತೋಲಿತ ಆಹಾರಕ್ಕೂ ಇದಕ್ಕೂ ತೂಕ ಇಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನೋಕ್ಸ್ ಇದನ್ನು ಒಪ್ಪಲಿಲ್ಲ, ಲೆಕ್ಕಾಚಾರವನ್ನೇ ಪ್ರಶ್ನಿಸಿದರು.

ನನ್ನ ದೃಷ್ಟಿಯಲ್ಲಿ ಇಲ್ಲಿರುವ ಪಾಠ ಸರಳವಾದದ್ದು, ಪಾಲಿಸಲು ಕಷ್ಟವಾದದ್ದು. ನೀರಿನ ವಿಷಯದಲ್ಲಿ ನೋಕ್ಸ್ ಗೆದ್ದದ್ದು ಎಲ್ಲರನ್ನೂ ಎದುರು ಹಾಕಿಕೊಂಡರೆಂಬ ಕಾರಣಕ್ಕಲ್ಲ. ಓಟಗಾರರನ್ನು ತೂಗಿದರು, ರಕ್ತ ಪರೀಕ್ಷಿಸಿದರು, ಬೇರೆಯವರು ಬೇರೆ ಊರುಗಳಲ್ಲಿ ಅದನ್ನೇ ಮಾಡಿದಾಗ ಅದೇ ಫಲಿತಾಂಶ ಬಂದಿತು. ಒಮ್ಮೆ ಸರಿಯಾಗಿದ್ದವರು ಪ್ರತಿ ಸಲವೂ ಸರಿಯಾಗಿರುತ್ತಾರೆ ಎಂಬ ಭರವಸೆ ವಿಜ್ಞಾನದಲ್ಲಿ ಇಲ್ಲ. ಒಂದು ಗೆಲುವಿನ ಬಡ್ಡಿಯಲ್ಲಿ ಮತ್ತೊಂದು ವಾದ ಬದುಕಲಾಗದು.

ನಮಗೂ ಇದರಲ್ಲಿ ಮಾಡಬೇಕಾದ ಕೆಲಸವಿದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಂಥ ಸ್ಪರ್ಧೆಗಳಲ್ಲಿ ಈ ಅಪಾಯ ಕಡಿಮೆ. ಐದಾರು ಗಂಟೆ ಓಡುವ ಮ್ಯಾರಥಾನ್‌ಗಳಲ್ಲಿ ಹಾಗಲ್ಲ. ಅಲ್ಲಿ ಕುಸಿದು ಬಿದ್ದು, ಮಾತು ತೊದಲುವ ಓಟಗಾರನಿಗೆ ನೀರಿನ ಕೊರತೆಯೆಂದೇ ಭಾವಿಸಿ ಬಾಟಲಿಗಟ್ಟಲೆ ಡ್ರಿಪ್ ಏರಿಸಿದರೆ, ಸೋಡಿಯಂ ಕುಸಿತವಿದ್ದಲ್ಲಿ ಸ್ಥಿತಿ ಇನ್ನಷ್ಟು ಬಿಗಡಾಯಿಸಬಹುದು. ಅಂಥವರಿಗೆ ಬೇಕಾದ್ದು ಅಲ್ಪ ಪ್ರಮಾಣದ ಗಾಢ ಲವಣದ್ರಾವಣ. ಮೊದಲು ರಕ್ತ ಪರೀಕ್ಷೆ, ಅನಂತರ ಡ್ರಿಪ್ ಎಂಬ ಕ್ರಮವನ್ನು ದೂರದ ಓಟಗಳ ಪ್ರತಿಯೊಂದು ವೈದ್ಯಕೀಯ ಶಿಬಿರವೂ ಪಾಲಿಸುವಂತೆ ಸಂಘಟಕರು ನೋಡಿಕೊಳ್ಳಬೇಕು. ಓಟಗಾರರಾದರೋ ನೀರಿನ ಮೇಜು ಕಂಡಲ್ಲೆಲ್ಲ ನಿಲ್ಲದೆ, ಬಾಯಾರಿದಾಗ ಕುಡಿದರೆ ಸಾಕು.