ಒಲ್ಲೆ ಅನ್ನೋದಕ್ಕೂ ಒಂದು ಸೆಕ್ಷನ್ ಬೇಕು

ಗರ್ಭಪಾತದ ವಿಷಯ ಬಂದರೆ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಎರಡೇ ಟೀಮ್. ಒಂದು ‘ನನ್ನ ದೇಹ, ನನ್ನ ಹಕ್ಕು’ ಟೀಮ್. ಇನ್ನೊಂದು ‘ಅದು ಕೊಲೆ, ಅಷ್ಟೇ’ ಟೀಮ್. ಎರಡೂ ಕಡೆಯವರು ಅಮೆರಿಕದ ತೀರ್ಪುಗಳನ್ನು ಬಾಯಿಪಾಠ ಒಪ್ಪಿಸ್ತಾರೆ. ಗುಂಡ್ಲುಪೇಟೆಯಂಥ ಊರಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡೋ ನರ್ಸಮ್ಮನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ನಾನು ಬರೀತಿರೋದು ಆಕೆಯ ಪರವಾಗಿ.

ನನ್ನ ನಿಲುವನ್ನ ಮೊದಲೇ ಹೇಳಿಬಿಡ್ತೀನಿ, ಬೈಯೋರಿಗೆ ಅನುಕೂಲ ಆಗಲಿ. ಹೊಟ್ಟೆಯಲ್ಲಿ ಬೆಳೀತಿರೋದು ಜೀವ. ಅದನ್ನ ‘ಬರೀ ಜೀವಕೋಶಗಳ ಮುದ್ದೆ’ ಅನ್ನೋದನ್ನ ನಾನು ಒಪ್ಪಲ್ಲ. ನಮ್ಮ ಚಾಮರಾಜನಗರದ ಕಡೆ ಬಸುರಿಯನ್ನ ‘ಎರಡು ಜೀವದೋಳು’ ಅಂತಾರೆ. ಅದೇ ಉಸಿರಲ್ಲಿ ಇನ್ನೊಂದು ಮಾತು: ಅವ್ವನ ಜೀವವನ್ನೂ ಸೇರಿಸಿದ್ರೆ ತಾನೇ ಎರಡಾಗೋದು? ಈ ಲೆಕ್ಕ ಎಲ್ಲಿ ತಪ್ಪಿತೋ ಅಲ್ಲೆಲ್ಲ ಹೆಣ ಬಿದ್ದಿದೆ.

ಮೊದಲು ನಮ್ಮ ಮಗ್ಗುಲಿನ ಕಥೆ. 2023ರ ನವೆಂಬರಿನಲ್ಲಿ ಬಯಲಾದ ಜಾಲ ನೆನಪಿದೆ ತಾನೆ? ಪೊಲೀಸರು ಹೇಳಿದ ಪ್ರಕಾರ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್, ಹೆಣ್ಣು ಅಂತ ಗೊತ್ತಾದರೆ ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಗರ್ಭಪಾತ. ಕಬ್ಬಿನ ಹಾಲು ಕಾಯಿಸೋ ಜಾಗದಲ್ಲಿ ಹೆಣ್ಣುಮಕ್ಕಳ ಹಣೆಬರಹ ಓದ್ತಿದ್ದರು. ಬಂಧಿತರಲ್ಲಿ ವೈದ್ಯರಿದ್ದರು, ಲ್ಯಾಬ್ ಟೆಕ್ನಿಷಿಯನ್ನರಿದ್ದರು. ಕೇಸು ಸಿಐಡಿಗೆ ಹೋಯಿತು. ಸದ್ದು ಅಡಗೋ ಹೊತ್ತಿಗೆ, 2024ರ ಮೇನಲ್ಲಿ, ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇನ್ನೊಂದು ಪ್ರಕರಣ ಸಿಕ್ಕಿಬಿತ್ತು. ಭ್ರೂಣಲಿಂಗ ಪತ್ತೆ ನಿಷೇಧಿಸಿದ ಕಾಯ್ದೆ ಬಂದದ್ದು 1994ರಲ್ಲಿ. ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ ಬೋರ್ಡು ನೇತಾಡ್ತಾನೇ ಇದೆ.

ಇಂಥ ಜಾಲ ಒಬ್ಬ ದುರಾಸೆಯ ಡಾಕ್ಟರಿಂದ ನಡೆಯಲ್ಲ ಸ್ವಾಮಿ. ಕಾರು ಓಡಿಸೋನು, ಚೀಟಿ ಬರೆಯೋಳು, ಇಂಜೆಕ್ಷನ್ ತುಂಬೋಳು, ಬಕೆಟ್ ತೊಳೆಯೋ ಆಯಾ, ಇಷ್ಟೂ ಜನ ಸುಮ್ಮನಿರಬೇಕು. ಅವರಲ್ಲಿ ಒಬ್ಬಳಿಗೆ ಕೈ ನಡುಗಿದರೆ? ‘ನನ್ ಕೈಲಿ ಆಗಲ್ಲ ಕನಣ್ಣ’ ಅಂದರೆ? ಮಾರನೇ ದಿನದಿಂದ ಕೆಲಸಕ್ಕೆ ಬರಬೇಡ ಅಂತಾರೆ, ಅಷ್ಟೇ.

ಕಾನೂನುಬಾಹಿರ ಕೆಲಸಕ್ಕೆ ಒಲ್ಲೆ ಅನ್ನೋಕೆ ಹೊಸ ಸೆಕ್ಷನ್ ಯಾಕೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಟೇಬಲ್ ಮೇಲೆ ಮಲಗಿರೋ ಹೆಣ್ಣುಮಗಳು ಯಾವ ದಾರಿಯಿಂದ ಬಂದಳು ಅಂತ ನರ್ಸಿಗೆ ಹೇಗೆ ಗೊತ್ತಾಗಬೇಕು? ಕೇಸ್ ಶೀಟಿನಲ್ಲಿ ‘ಗರ್ಭನಿರೋಧಕ ವಿಫಲ’ ಅಂತ ಬರೆದುಬಿಟ್ಟರೆ ಮುಗೀತು, ಆಲೆಮನೆಯ ಹೆಸರು ಅದರಲ್ಲಿ ಬರಲ್ಲ. ಅನುಮಾನ ಬಂದ ಕ್ಷಣದಲ್ಲಿ ಆಕೆಯ ಬಳಿ ಸಾಕ್ಷಿ ಇರಲ್ಲ, ಆತ್ಮಸಾಕ್ಷಿ ಮಾತ್ರ ಇರುತ್ತೆ. ಅದಕ್ಕೆ ನಮ್ಮ ಕಾನೂನಿನಲ್ಲಿ ಕುರ್ಚಿಯೇ ಇಲ್ಲ.

1971ರ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ ತೆಗೆದು ನೋಡಿ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರದ್ದು ಬೇಕು. ಅದು ದಾಟಿದರೆ ಭ್ರೂಣದ ಗಂಭೀರ ವೈಕಲ್ಯಕ್ಕೆ ಮಾತ್ರ, ಅದೂ ವೈದ್ಯಕೀಯ ಮಂಡಳಿ ಒಪ್ಪಿದರೆ. ತಾಯಿಯ ಪ್ರಾಣ ಉಳಿಸೋಕೆ ತಕ್ಷಣ ಬೇಕಾದಾಗ ಈ ವಾರಗಳ ಮಿತಿ ಅಡ್ಡ ಬರಲ್ಲ. ಎಲ್ಲ ಸರಿ. ವೈದ್ಯರ ‘ಅಭಿಪ್ರಾಯ’ಕ್ಕೆ ಇಷ್ಟು ಬೆಲೆ ಕೊಟ್ಟ ಕಾಯ್ದೆ ಅವರ ಆತ್ಮಸಾಕ್ಷಿಯ ಬಗ್ಗೆ ಒಂದು ಸಾಲೂ ಬರೆದಿಲ್ಲ. ನರ್ಸಂತೂ ಲೆಕ್ಕಕ್ಕೇ ಇಲ್ಲ. ನಮ್ಮದಕ್ಕಿಂತ 4 ವರ್ಷ ಮೊದಲು, 1967ರಲ್ಲಿ, ಬ್ರಿಟನ್ ಮಾಡಿದ ಕಾಯ್ದೆಯಲ್ಲಿ ಇದಕ್ಕೇ ಒಂದು ಸೆಕ್ಷನ್ ಇದೆ, ನಾಲ್ಕನೆಯದು. ಮನಸ್ಸು ಒಪ್ಪದಿದ್ದರೆ ಭಾಗವಹಿಸಬೇಕಿಲ್ಲ. ಆದರೆ ಹೆಂಗಸಿನ ಪ್ರಾಣಕ್ಕೋ ಆರೋಗ್ಯಕ್ಕೋ ಶಾಶ್ವತ ಗಂಭೀರ ಹಾನಿ ಆಗೋ ಹಾಗಿದ್ದರೆ ನುಣುಚಿಕೊಳ್ಳೋ ಹಾಗಿಲ್ಲ.

ಆತ್ಮಸಾಕ್ಷಿ ಅನ್ನೋದು ಹೊರದೇಶದ ಮಾಲು ಅಂದುಕೋಬೇಡಿ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಕ್ಕಿಂತ ಮೊದಲು ಬರೋ ಮಾತೇ ಅದು. ಬಂಡೀಪುರ ದಾಟಿದರೆ ಸಿಗೋ ಕೇರಳದಲ್ಲಿ, ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು, ನಂಬಿಕೆಯ ಕಾರಣಕ್ಕೆ ಹಾಡದೇ ಉಳಿದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಇನ್ನು ನಮ್ಮ ಜಿಲ್ಲೆಗೆ ಕೋರ್ಟೂ ಬೇಕಿಲ್ಲ, ಕಂಸಾಳೆಯವರು ಹಾಡೋ ಸಂಕಮ್ಮನ ಕಥೆ ಸಾಕು. ಕಾಡಿಗೆ ಹೊರಟ ಗಂಡ ನೀಲೇಗೌಡ ಬಲಗೈ ಭಾಷೆ ಕೊಡು ಅಂತಾನೆ. ಆಕೆ ಕೊಡಲ್ಲ. ಚಿತ್ರಹಿಂಸೆ ಕೊಡ್ತಾನೆ, ಆದರೂ ಕೊಡಲ್ಲ. ಮಾದಪ್ಪ ಒಲಿದದ್ದು ಯಾರಿಗೆ? ಒಲ್ಲೆ ಅಂದವಳಿಗೆ. ಅವಳ ಹೊಟ್ಟೆಯಲ್ಲಿ ಮಕ್ಕಳಾದವು ಅಂತ ಈಗಲೂ ರಾತ್ರಿಯಿಡೀ ಕೂತು ಕೇಳೋ ಜನ ನಾವು.

ಒಬ್ಬರು ತಡೆದು ನಿಂತು ಕೇಳಿದರೆ ಏನಾಗುತ್ತೆ ಅನ್ನೋದಕ್ಕೆ ದೆಹಲಿಯದ್ದೇ ಉದಾಹರಣೆ ಇದೆ. 2023ರ ಅಕ್ಟೋಬರಿನಲ್ಲಿ, ಎರಡು ಮಕ್ಕಳ ತಾಯಿಯೊಬ್ಬರಿಗೆ ಸುಮಾರು 26 ವಾರದ ಗರ್ಭ ತೆಗೆಸೋಕೆ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಆಮೇಲೆ ಏಮ್ಸ್‌ನ ವೈದ್ಯರೊಬ್ಬರ ಇಮೇಲ್ ಬಂತು: ಮಗು ಬದುಕುಳಿಯೋ ಸಾಧ್ಯತೆ ಚೆನ್ನಾಗಿದೆ, ಹಾಗಾದರೆ ಹೃದಯ ಬಡಿತ ನಿಲ್ಲಿಸಬೇಕಾ? ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಒಪ್ಪಲಿಲ್ಲ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ತಾಯಿಯ ನಿರ್ಧಾರಕ್ಕೆ ಬೆಲೆ ಕೊಡಬೇಕು ಅಂದರು. ಕೊನೆಗೆ ಅ. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ತೀರ್ಪಿನ ಬಗ್ಗೆ ಜಗಳ ಆಡೋಣ ಬೇಕಾದ್ರೆ. ಆದರೆ ಆ ಪ್ರಶ್ನೆ ಕೇಳೋ ಧೈರ್ಯ ಏಮ್ಸ್‌ನಲ್ಲಿ ಕೂತವರಿಗೆ ಇರುತ್ತೆ. ಕೊಳ್ಳೇಗಾಲದ ನರ್ಸಿಂಗ್ ಹೋಮಿನ ಜಿಎನ್‌ಎಂ ಹುಡುಗಿ ಯಾರಿಗೆ ಇಮೇಲ್ ಮಾಡಬೇಕು?

ಈಗ ನನ್ನ ವಿರುದ್ಧದ ಗಟ್ಟಿ ವಾದ. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಸ್ತ್ರೀರೋಗ ತಜ್ಞರು. ಅವರೂ ಒಲ್ಲೆ ಅಂದರೆ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬಂದ ಸೋಲಿಗರ ಹುಡುಗಿ ಎಲ್ಲಿಗೆ ಹೋಗಬೇಕು? ಕೂಲಿ ಬಿಟ್ಟು ಮೈಸೂರಿನ ಬಸ್ಸು ಹತ್ತಬೇಕಾ? ಅಷ್ಟರಲ್ಲಿ ವಾರಗಳು ಮೀರಿ, ನಾಟಿ ಔಷಧಿಯೋ ನಕಲಿ ಡಾಕ್ಟರೋ ಅಂತ ಹೋದರೆ? ಈ ಪ್ರಶ್ನೆ ಕೇಳೋರು ನನ್ನ ಶತ್ರುಗಳಲ್ಲ. ಇದಕ್ಕೆ ಉತ್ತರ ಇಲ್ಲದ ‘ಜೀವಪರ’ ಮಾತು ಬರೀ ಮಾತು.

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರನ್ನ ಮರೆಯಬಾರದು. ಐರ್ಲೆಂಡಿನ ಗಾಲ್ವೇ, 2012ರ ಅಕ್ಟೋಬರ್. 17 ವಾರದ ಗರ್ಭ ಜಾರುತ್ತಿತ್ತು, ಮಗು ಉಳಿಯಲ್ಲ ಅಂತ ಗೊತ್ತಿತ್ತು. ಗರ್ಭಪಾತ ಮಾಡಿ ಅಂತ ಕೇಳಿದರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ ಅಂತ ಮಾಡಲಿಲ್ಲ. ಸೋಂಕು ರಕ್ತಕ್ಕೇರಿ ಅ. 28ರಂದು ತೀರಿಕೊಂಡರು. ವಯಸ್ಸು 31. ಅಲ್ಲಿ ಎರಡು ಜೀವದ ಲೆಕ್ಕದಿಂದ ಅವ್ವನನ್ನೇ ಬಿಟ್ಟಿದ್ದರು. ಒಂದು ದೇಶದ ಕಾನೂನೇ ಎಲ್ಲ ವೈದ್ಯರ ಪರವಾಗಿ ‘ಇಲ್ಲ’ ಅಂದುಬಿಟ್ಟಿದ್ದರ ಫಲ ಅದು. 2018ರಲ್ಲಿ ಅದೇ ಐರ್ಲೆಂಡ್ ಜನಮತ ತಗೊಂಡು ಕಾನೂನು ಬದಲಿಸಿತು. ಹೊಸ ಕಾಯ್ದೆಯಲ್ಲೂ ಒಲ್ಲೆ ಅನ್ನೋ ವೈದ್ಯರಿಗೆ, ನರ್ಸಿಗೆ ಜಾಗ ಇದೆ. ಜೊತೆಗೊಂದು ಕರಾರು: ಆ ಹೆಣ್ಣುಮಗಳನ್ನ ತಡಮಾಡದೆ ಇನ್ನೊಬ್ಬರಿಗೆ ಒಪ್ಪಿಸಬೇಕು.

ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಆನ್‌ಕಾಲ್‌ನಲ್ಲಿರೋನು ಹ್ಯಾಂಡೋವರ್ ಕೊಡದೆ ಲಾಗೌಟ್ ಆಗೋ ಹಾಗಿಲ್ಲ. ಸರ್ವರ್ ಉರೀತಿದ್ದರೆ ಶಿಫ್ಟ್ ಮುಗಿದಿದ್ದರೂ ಕೂರಬೇಕು.

ಹಾಗಾಗಿ ನಾನು ಕೇಳ್ತಿರೋದು ಇಷ್ಟು. ಎಂಟಿಪಿ ಕಾಯ್ದೆಗೆ ಒಂದು ಸೆಕ್ಷನ್ ಸೇರಿಸಿ. ವೈದ್ಯರು, ನರ್ಸು, ಟೆಕ್ನಿಷಿಯನ್, ಆಯಾ ಯಾರೇ ಆಗಲಿ, ಮೊದಲೇ ಬರೆದುಕೊಟ್ಟು ಇದರಿಂದ ಹೊರಗಿರಬಹುದು. ಅದಕ್ಕಾಗಿ ಕೆಲಸ, ಬಡ್ತಿ, ಸಂಬಳ ಕಿತ್ತುಕೊಳ್ಳೋ ಹಾಗಿಲ್ಲ. ಈ ಹಕ್ಕು ಮನುಷ್ಯರದ್ದು, ಕಟ್ಟಡದ್ದಲ್ಲ. ಸರ್ಕಾರಿ ಆಸ್ಪತ್ರೆ ಬೇರೊಬ್ಬರನ್ನ ಸಿದ್ಧ ಇಟ್ಟಿರಲೇಬೇಕು, ಇಲ್ಲದಿದ್ದರೆ ತನ್ನದೇ ಆಂಬ್ಯುಲೆನ್ಸಿನಲ್ಲಿ, ತನ್ನದೇ ಖರ್ಚಿನಲ್ಲಿ ಕಳಿಸಬೇಕು. ಪ್ರಾಣಕ್ಕೆ ಬಂದಾಗ ಯಾರಿಗೂ ವಿನಾಯಿತಿ ಇಲ್ಲ. ಒಲ್ಲೆ ಅಂದವರು ಬಂದವಳಿಗೆ ಉಪದೇಶ ಮಾಡೋ ಹಾಗಿಲ್ಲ, ಗುಟ್ಟು ಬಿಟ್ಟುಕೊಡೋ ಹಾಗಿಲ್ಲ.

ನನ್ನ ಕಡೆಯ ‘ಜೀವ, ಜೀವ’ ಅನ್ನೋರಿಗೂ ಒಂದು ಮಾತು. ‘ಎರಡನೇದೂ ಹೆಣ್ಣಾ?’ ಅಂತ ಬಾಣಂತಿ ಕೋಣೆಯಲ್ಲಿ ಮುಖ ಸಿಂಡರಿಸೋ ಅತ್ತೆ-ಮಾವಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಆಲೆಮನೆಗೆ ಗಿರಾಕಿ ಕಳಿಸೋದು ಆ ಪ್ರಶ್ನೆಯೇ. ಅದನ್ನ ಮನೆಯಲ್ಲಿ ನಿಲ್ಲಿಸದೆ ಆಸ್ಪತ್ರೆ ಗೇಟಿನಲ್ಲಿ ನಿಂತು ಹೆಣ್ಣುಮಕ್ಕಳನ್ನ ಹಳಿಯೋಕೆ ನಮಗೆ ಯೋಗ್ಯತೆ ಇಲ್ಲ.

‘ನನ್ನ ದೇಹ’ ಟೀಮಿನ ಗೆಳೆಯರೇ, ನರ್ಸಮ್ಮನ ಕೈಯೂ ಅವಳ ದೇಹವೇ ಅಲ್ವಾ? ಅದನ್ನ ಯಾವುದಕ್ಕೆ ಚಾಚಬೇಕು ಅನ್ನೋದರಲ್ಲಿ ಆಕೆಗೂ ಒಂದು ಮಾತಿರಲಿ.