ತೋರಣ ಇರಲಿ, ದಾರಂದ ಗಟ್ಟಿಯಾಗಲಿ

ಬೈಬಲಿನ ಕಥೆಯಲ್ಲಿ ಜೆರಿಕೋ ಪಟ್ಟಣದ ಕೋಟೆ ಕಹಳೆಯ ಸದ್ದಿಗೆ ಬಿತ್ತಂತೆ. ನಾವಿರುವ ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಕಹಳೆ ಬೇಕಿಲ್ಲ. ಬೂಟುಗಾಲಿನ ಎರಡು ಒದೆತ ಸಾಕು. ಕಳೆದ ದೀಪಾವಳಿಯ ಸಮಾರಂಭಕ್ಕೆ ನಾವೆಲ್ಲ ಹೋಗಿದ್ದಾಗ ನಮ್ಮ ಮನೆಯ ಪಕ್ಕದ ಬಾಗಿಲು ಹೀಗೆಯೇ ತೆರೆದುಕೊಂಡಿತು. ಹೋದ ಒಡವೆಗಳ ಪಟ್ಟಿ ಕೊಟ್ಟು ಓದುಗರನ್ನು ನೋಯಿಸುವುದಿಲ್ಲ. ಹಾಸನದಿಂದ ಬಂದಿದ್ದ ನಮ್ಮ ತಾಯಿಯವರು ಅಂದು ಮಂಡಿನೋವೆಂದು ಮನೆಯಲ್ಲೇ ಉಳಿಯುವವರಿದ್ದರು. ಮೊಮ್ಮಗಳ ಹಾಡು ಕೇಳುವ ಆಸೆಗೆ ಕೊನೆಯ ಗಳಿಗೆಯಲ್ಲಿ ಹೊರಟರು. ಅದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಸುದ್ದಿ ತಿಳಿದ ಮಿತ್ರರು ಫೋನ್ ಮಾಡಿದರು, ಊಟ ತಂದರು, ಜೊತೆಗೆ ಸಲಹೆಗಳನ್ನೂ ತಂದರು. ಬಾಗಿಲ ತೋರಣ ತೆಗೆದುಬಿಡಿ. ಹೆಸರಿನ ಫಲಕ ಬೇಡ. ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಡಿ. ಭಾರತೀಯರ ಮನೆ ಎಂದು ಗೊತ್ತಾಗಬಾರದು. ಈ ಭಯ ಬರಿಯ ಊಹೆಯಲ್ಲ. 2011ರಿಂದ 2014ರವರೆಗೆ ನ್ಯೂಯಾರ್ಕ್, ಮಿಷಿಗನ್, ಓಹಾಯೋ, ಜಾರ್ಜಿಯಾ, ಟೆಕ್ಸಸ್ ರಾಜ್ಯಗಳಲ್ಲಿ ಒಂದು ತಂಡ ಭಾರತೀಯ ಮತ್ತು ಇತರ ಏಷ್ಯನ್ ಮೂಲದವರ ಮನೆಗಳನ್ನೇ ಆರಿಸಿ ದರೋಡೆ ಮಾಡಿತು. ಅದರ ನಾಯಕಿಗೆ 2019ರಲ್ಲಿ ಡೆಟ್ರಾಯಿಟ್‌ನ ಫೆಡರಲ್ ನ್ಯಾಯಾಲಯ 37 ವರ್ಷಗಳ ಸೆರೆವಾಸ ವಿಧಿಸಿತು. ನಮ್ಮ ಮನೆಗಳಲ್ಲಿ ಚಿನ್ನವಿರುತ್ತದೆಂಬುದು ಗುಟ್ಟೇನೂ ಅಲ್ಲ.

ಆದರೂ ಈ ಸಲಹೆಯನ್ನು ನಾವು ಒಪ್ಪುವುದಿಲ್ಲ. ಮನೆಯ ಮಾಲೀಕರ ಹೆಸರು ಕೌಂಟಿಯ ದಾಖಲೆಗಳಲ್ಲಿ ಯಾರು ಬೇಕಾದರೂ ನೋಡುವಂತಿದೆ. ತೋರಣ ತೆಗೆದ ಮಾತ್ರಕ್ಕೆ ರಾವ್, ಗೌಡ, ಹೆಗಡೆಗಳು ಸ್ಮಿತ್ ಆಗುವುದಿಲ್ಲ. ಕಳ್ಳನಿಗೆ ಅಡ್ಡಿ ಮಾಡದ, ನಮ್ಮ ಮಕ್ಕಳಿಗೆ ಮಾತ್ರ ನಾಚಿಕೆ ಕಲಿಸುವ ಉಪಾಯ ಅದು. ತೆಗೆಯಬೇಕಾದದ್ದು ಬೇರೊಂದಿದೆ: ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂಗಳು.

ಮಾರನೆಯ ಬೆಳಿಗ್ಗೆ ಆ ಬಾಗಿಲನ್ನು ಪ್ರಯೋಗಶಾಲೆಯ ಮಾದರಿಯಂತೆ ಪರೀಕ್ಷಿಸಿದೆವು. ಡೆಡ್‌ಬೋಲ್ಟ್ ಬೀಗಕ್ಕೆ ಏನೂ ಆಗಿರಲಿಲ್ಲ. ಅದರ ನಾಲಿಗೆ ಒಂದಿಂಚು ಹೊರಚಾಚಿ ನೆಟ್ಟಗೇ ನಿಂತಿತ್ತು. ಸೀಳಿದ್ದು ದಾರಂದ. ಬೀಗದ ನಾಲಿಗೆ ಕೂರುವ ಲೋಹದ ಪಟ್ಟಿಯನ್ನು ಮುಕ್ಕಾಲು ಇಂಚು ದಪ್ಪದ ಪೈನ್ ಹಲಗೆಗೆ ಗಿಡ್ಡ ಸ್ಕ್ರೂಗಳಿಂದ ಬಿಗಿದಿದ್ದರು. ಮರವೆಂದರೆ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟ ಕಟ್ಟು. ಎಳೆಗಳು ಸುಲಭವಾಗಿ ತುಂಡಾಗುವುದಿಲ್ಲ. ಆದರೆ ಎಳೆಗಳ ನಡುವೆ ಸೌದೆಯಂತೆ ಸೀಳುತ್ತವೆ. ಒಂದೇ ಗೆರೆಯಲ್ಲಿ ಹೊಡೆದ ಸ್ಕ್ರೂಗಳು ಅಂಚೆಚೀಟಿಯ ಹಾಳೆಯ ತೂತುಗಳಂತೆ ಆ ಸೀಳಿಗೆ ದಾರಿ ತೋರಿಸುತ್ತವೆ.

ನಮ್ಮ ಊರ ಕಡೆಯ ಹಳೆಯ ಮನೆಗಳನ್ನು ನೆನೆಯಿರಿ. ಬಾಗಿಲ ಹಿಂದೆ ಅಡ್ಡಲಾಗಿ ಸರಿಸುವ ಮರದ ಅಗುಳಿಯ ತುದಿ ಗೋಡೆಯೊಳಗಿನ ಗೂಡಿಗೇ ಹೋಗಿ ಕೂರುತ್ತಿತ್ತು. ಹೊರಗಿನಿಂದ ಯಾರು ತಳ್ಳಿದರೂ ತಳ್ಳಬೇಕಾದದ್ದು ಗೋಡೆಯನ್ನು. ಇಲ್ಲಿ ನಾವು ನೂರಾರು ಡಾಲರ್ ಕೊಟ್ಟು ಬೀಗ ಕೊಳ್ಳುತ್ತೇವೆ, ಅದನ್ನು ಒಂದು ತೆಳು ಹಲಗೆಗೆ ಒರಗಿಸುತ್ತೇವೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಗ್ಗಲು ಹೊರಟದ್ದು ಹೆಬ್ಬಾಗಿಲಿನಿಂದಲ್ಲ, ಒಂದು ಕಿಂಡಿಯಿಂದ ಎಂದು ಓಬವ್ವನ ಕಥೆ ಕೇಳಿ ಬೆಳೆದ ನಮಗೆ ಇದು ತಿಳಿದಿರಬೇಕಿತ್ತು.

ಪರಿಹಾರವೆಂದರೆ ಅಗುಳಿಯನ್ನು ಮತ್ತೆ ಗೋಡೆಗೆ ಕೂರಿಸುವುದು. ಗಿಡ್ಡ ಸ್ಕ್ರೂ ತೆಗೆದು ಮೂರಿಂಚಿನ ಉಕ್ಕಿನ ಸ್ಕ್ರೂ ಹಾಕಿದರೆ ಅದು ಹಲಗೆಯನ್ನೂ ಅದರ ಹಿಂದಿನ ಸಂದನ್ನೂ ದಾಟಿ ಗೋಡೆಯೊಳಗಿನ ಸ್ಟಡ್ ಎಂಬ ಮರದ ಕಂಬವನ್ನು ಹಿಡಿಯುತ್ತದೆ. ಮೊದಲು ಸಣ್ಣ ತೂತು ಕೊರೆದುಕೊಳ್ಳಬೇಕು. ಕಪ್ಪು ಬಣ್ಣದ ಡ್ರೈವಾಲ್ ಸ್ಕ್ರೂ ಬೇಡ. ಅವು ಗಡುಸಾದರೂ ಹೊಡೆತಕ್ಕೆ ಪಟ್ಟನೆ ಮುರಿಯುತ್ತವೆ. ಸಣ್ಣ ಪಟ್ಟಿಯ ಬದಲು ಉದ್ದನೆಯ ಉಕ್ಕಿನ ಪಟ್ಟಿ ಹಾಕಿದರೆ ಒದೆತದ ಬಲ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಪ್ರತಿ ಕೀಲಿನಲ್ಲೂ ಒಂದು ಸ್ಕ್ರೂ ಹೀಗೆಯೇ ಉದ್ದನೆಯದಿರಲಿ. ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬಾಗಿಲನ್ನು ಎಲ್ಲರೂ ಮರೆಯುತ್ತಾರೆ, ಮರೆಯಬೇಡಿ. ಸ್ಕ್ರೂಗಳಿಗೆ ಕೆಲವೇ ಡಾಲರ್, ಒಂದು ಬಾಗಿಲಿಗೆ ಒಂದು ಗಂಟೆ. ಕಳವಿನ ಮರುವಾರ ನಾವು ಕರೆಸಿದ ಬೀಗದವರೊಬ್ಬರು ಮೊದಲ ದರ್ಜೆಯ ಹೊಸ ಬೀಗ ಹಾಕಿ, ಪಟ್ಟಿಯನ್ನು ಮತ್ತೆ ಗಿಡ್ಡ ಸ್ಕ್ರೂಗಳಿಂದಲೇ ಬಿಗಿದು ಬಿಲ್ ಕೊಟ್ಟು ಹೋದರು. ಆದ್ದರಿಂದ ಇತರರ ಕೆಲಸವನ್ನೂ ಒಮ್ಮೆ ಬಿಚ್ಚಿ ನೋಡುವುದು ಮೇಲು.

ಇನ್ನು ಎರಡು ಎಚ್ಚರಿಕೆ. ಬಾಗಿಲ ಪಕ್ಕದಲ್ಲಿ ಉದ್ದನೆಯ ಗಾಜಿದ್ದರೆ ಆ ಬದಿಯಲ್ಲಿ ಹಲವು ವೇಳೆ ಸ್ಟಡ್ ಇರುವುದಿಲ್ಲ. ಉದ್ದ ಸ್ಕ್ರೂ ಗಾಜಿಗೇ ತಗಲೀತು. ಎರಡನೆಯದು ಇನ್ನೂ ಮುಖ್ಯ. ಗಾಜು ಒಡೆದು ಕೈ ತೂರಿಸಿ ಬೀಗ ತಿರುಗಿಸುತ್ತಾರೆಂದು ಕೆಲವರು ಒಳಗಿನಿಂದಲೂ ಕೀಲಿಕೈ ಬೇಕಾಗುವ ಬೀಗ ಹಾಕಿಸುತ್ತಾರೆ. ದಯವಿಟ್ಟು ಬೇಡ. ನಡುರಾತ್ರಿ ಹೊಗೆ ತುಂಬಿದಾಗ, ಈ ದೇಶಕ್ಕೆ ಹೊಸಬರಾದ ತಂದೆತಾಯಿಗಳು ಕೀಲಿಕೈಯನ್ನು ಎಲ್ಲಿ ಹುಡುಕಬೇಕು? ಬಾಗಿಲು ಹೊರಗಿನವರಿಗೆ ಕಷ್ಟವಾಗಬೇಕು, ಒಳಗಿನವರಿಗೆ ಕೈಯ ಒಂದೇ ತಿರುವಿಗೆ ತೆರೆಯಬೇಕು. ಗಾಜಿಗೆ ಬೇರೆ ಮದ್ದಿದೆ. 1953ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಮತ್ತು ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಬೇರೆ ಬೇರೆಯಾಗಿ ಕಂಡುಹಿಡಿದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಗಾಜಿನಂತೆ ತಿಳಿಯಾಗಿದ್ದು, ಸುತ್ತಿಗೆಯ ಏಟಿಗೂ ಸುಲಭವಾಗಿ ಒಡೆಯದು. ಅದರ ಹಾಳೆಯೊಂದನ್ನು ಗಾಜಿನ ಒಳಬದಿಗೆ ಗಟ್ಟಿಯಾಗಿ ಕೂರಿಸಿದರಾಯಿತು.

ಇಷ್ಟೆಲ್ಲ ಮಾಡಿದರೂ ಒಡೆಯಲಾಗದ ಬಾಗಿಲೆಂಬುದಿಲ್ಲ. ಅಜ್ಜಿಯ ಕಾಲದ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಡುವುದೇ ಕ್ಷೇಮ. ಸಾಮಾನ್ಯ ಮನೆ ವಿಮೆಯಲ್ಲಿ ಕಳುವಾದ ಆಭರಣಕ್ಕೆ ಸಿಗುವ ಮಿತಿ ಹಲವು ವೇಳೆ 1,500 ಡಾಲರ್ ಮಾತ್ರ. ಗಟ್ಟಿ ಬಾಗಿಲು ಕೊಡುವುದು ಸ್ವಲ್ಪ ಹೊತ್ತು, ಮತ್ತು ದೊಡ್ಡ ಸದ್ದು. ಕಳ್ಳನಿಗೆ ಬೇಡವಾದ ವಸ್ತುಗಳು ಇವೆರಡೇ. ಹಗಲು ಒಬ್ಬರೇ ಮನೆಯಲ್ಲಿರುವ ಹಿರಿಯರಿಗೆ ಮಹಡಿಯ ಕೋಣೆ ಸೇರಿ 911ಕ್ಕೆ ಫೋನ್ ಮಾಡಲು ಬೇಕಾದದ್ದೂ ಅಷ್ಟೇ ಹೊತ್ತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಸಾಲಿಗೆ ನಾವು ಸೇರಿದ್ದಾಯಿತು; ನೀವು ಸೇರಬೇಕಾಗಿಲ್ಲ. ಬರುವ ಹಬ್ಬಕ್ಕೆ ಮೊದಲು ಒಂದು ಶನಿವಾರವನ್ನು ನಮ್ಮ ಸಂಘ ಇದಕ್ಕಾಗಿ ಮೀಸಲಿಡಬಾರದೇಕೆ? ಹಿರಿಯರಿರುವ ಮನೆಗಳಿಗೆ ಮೊದಲ ಸರದಿ. ಡ್ರಿಲ್, ಸ್ಕ್ರೂ, ಒಂದು ಜೊತೆ ಕೈ ನಮ್ಮವು. ಕಾಫಿ ಮಾತ್ರ ನಿಮ್ಮದು. ನಮ್ಮ ಮನೆಯ ತೋರಣವಂತೂ ಇದ್ದಲ್ಲಿಯೇ ಇದೆ.