ಹಾಡು ಹಂಚುವವರ ಋಣ

ಇಂಪಾದುದನ್ನು ಕೇಳಿದೊಡನೆ ಇನ್ನೊಬ್ಬರಿಗೂ ಕೇಳಿಸಬೇಕೆನ್ನುವುದು ಮನುಷ್ಯನಿಗೆ ಸಹಜವಾದ ಸದ್ಗುಣ. ನಮ್ಮ ಹಳೆಯ ವಿದ್ಯಾರ್ಥಿನಿಯರು ದೂರದೂರುಗಳಿಂದ ಮೊಬೈಲಿನಲ್ಲಿ ಕಳುಹಿಸುವ ಕವಿತೆ, ಗೀತೆ, ಕೌತುಕದ ಸಂಗತಿಗಳು ನಮಗೆ ಸಂತೋಷವನ್ನೇ ತರುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ಕರ್ತೃವಿನ ಹೆಸರೇ ಇರುವುದಿಲ್ಲವೆಂಬುದು ನಮ್ಮ ವ್ಯಸನ.

ಆಗುಂಬೆಗೆ ಬರುವ ಪ್ರವಾಸಿಗರಲ್ಲಿ ಹಲವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರಾಗವನ್ನು ಗುನುಗುತ್ತಾರೆ. ಕಥೆಗಳು ಆರ್. ಕೆ. ನಾರಾಯಣರವೆಂದೂ, 1980ರ ದಶಕದಲ್ಲಿ ಇಲ್ಲಿ ಅವನ್ನು ಚಿತ್ರೀಕರಿಸಿದವರು ಶಂಕರ್ ನಾಗ್ ಎಂದೂ ಬಲ್ಲರು. ರಾಗವನ್ನು ಕಟ್ಟಿದ ಎಲ್. ವೈದ್ಯನಾಥನ್ ಅವರನ್ನು ಬಲ್ಲವರು ವಿರಳ. ಇದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ 2022ರಲ್ಲಿ ಅದಕ್ಕೆ ಅಧಿಕೃತವಾಯಿತು. ಹಾಡುವಾಗ ನಾವು ಈ ಎರಡು ಹೆಸರನ್ನೂ ನೆನೆಯುತ್ತೇವೆಯೇ?

ತಪ್ಪು ನಮ್ಮದೂ ಉಂಟು. ಒಂದು ಮಳೆಗಾಲದ ಪ್ರಾರ್ಥನಾಸಭೆಯಲ್ಲಿ, ಯಾರೋ ಕಳುಹಿಸಿದ್ದ ಪದ್ಯವೊಂದನ್ನು ‘ಅಜ್ಞಾತ ಕವಿಯದು’ ಎಂದು ಓದಿ ಕೊಂಡಾಡಿದೆವು. ಬರೆದವಳು ಒಂಬತ್ತನೆಯ ತರಗತಿಯ ಸಾಲಿನಲ್ಲಿಯೇ ನಿಂತಿದ್ದಳು. ಸಂಜೆ ಬಂದು, “ಅಮ್ಮಾ, ಅದು ನನ್ನದೆಂದರೆ ಇನ್ನು ಯಾರು ನಂಬುತ್ತಾರೆ?” ಎಂದಳು. ಮರುದಿನ ಅದೇ ಸಭೆಯಲ್ಲಿ ಅವಳ ಹೆಸರನ್ನು ಸಾರಿದೆವು. ಊರೂರು ಸುತ್ತಿದ ಪ್ರತಿಯನ್ನು ಮಾತ್ರ ಹಿಂದಕ್ಕೆ ಕರೆಯಲಾಗಲಿಲ್ಲ.

ಪೋಷಕರೇ, ಪ್ರಿಯ ವಿದ್ಯಾರ್ಥಿನಿಯರೇ, ಧಾರಾಳವಾಗಿ ಹಂಚಿರಿ. ಹಂಚುವ ಮುನ್ನ ಬರೆದವರಾರು, ರಾಗ ಹಾಕಿದವರಾರು, ಹಾಡಿದವರಾರು ಎಂದು ವಿಚಾರಿಸಿ ಒಂದು ಸಾಲನ್ನು ಸೇರಿಸಿರಿ. ತಿಳಿಯದಿದ್ದರೆ ‘ಅಜ್ಞಾತ’ ಎನ್ನದೆ ‘ನಮಗೆ ತಿಳಿಯದು’ ಎನ್ನಿರಿ. ಕವಿಗೆ ಹೆಸರಿಲ್ಲದಿರುವುದು ಬೇರೆ, ನಾವು ವಿಚಾರಿಸದಿರುವುದು ಬೇರೆ.